ಮೊದಲೇ ಹಣ ಕೊಟ್ಟ ಊಟ: ಹೊಟ್ಟೆಗೆ ಎಷ್ಟು ಬೇಕು?

ಅಮೆರಿಕದಲ್ಲಿ ನೆಲೆಸಿರುವ ಮಗ ಅಥವಾ ಮಗಳ ಮನೆಗೆ ಹೋಗಿಬರುವ ತಂದೆತಾಯಿಯರು ಈಗ ನಮ್ಮ ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಮೊಮ್ಮಕ್ಕಳ ಶಾಲೆಗೆ ರಜೆ ಬಂದಾಗ ಮನೆಮಂದಿಯೆಲ್ಲ ಕೂಡಿ ಹೊರಡುವ ಸ್ಥಳಗಳಲ್ಲಿ ಫ್ಲಾರಿಡಾ ರಾಜ್ಯದ ಆರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್ ಒಂದು. 1971ರ ಅಕ್ಟೋಬರ್ 1ರಂದು ತೆರೆದ ಈ ವಿಹಾರಧಾಮದಲ್ಲಿ ನಾಲ್ಕು ದೊಡ್ಡ ಥೀಮ್ ಪಾರ್ಕುಗಳಿವೆ. ನಾಲ್ಕೈದು ದಿನ ಅಲ್ಲಿಯೇ ಹೋಟೆಲ್‌ನಲ್ಲಿ ಉಳಿದು ನೋಡುವವರೇ ಹೆಚ್ಚು. ಹೋಟೆಲ್ ಕಾದಿರಿಸುವಾಗಲೇ ಊಟದ ಹಣವನ್ನೂ ಕಟ್ಟಿಬಿಡುವ ಒಂದು ವ್ಯವಸ್ಥೆ ಅಲ್ಲಿದೆ. ಅದಕ್ಕೆ ಡೈನಿಂಗ್ ಪ್ಲಾನ್ ಎಂದು ಹೆಸರು. 2005ರಲ್ಲಿ ಆರಂಭವಾದ ಈ ಯೋಜನೆ ಕೊರೊನಾ ಕಾಲದಲ್ಲಿ, 2020ರಲ್ಲಿ, ನಿಂತುಹೋಗಿತ್ತು. 2024ರ ಜನವರಿಯಲ್ಲಿ ಮತ್ತೆ ಬಂತು.

ಹಣದ ದೃಷ್ಟಿಯಿಂದ ಇದು ಲಾಭವೇ ನಷ್ಟವೇ ಎಂಬ ಲೆಕ್ಕವನ್ನು ಮಕ್ಕಳು ಹಾಕಿಕೊಳ್ಳುತ್ತಾರೆ. ಆರೋಗ್ಯದ ಲೆಕ್ಕವನ್ನು ಹಾಕುವವರು ಕಡಿಮೆ. ಮನೆಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಹಿರಿಯರು ಹಾಗೂ ಪುಟ್ಟ ಮಕ್ಕಳು ಇದ್ದರೆ ಈ ಎರಡನೆಯ ಲೆಕ್ಕವೇ ಮುಖ್ಯ. ಇಂದು ಅದನ್ನು ನೋಡೋಣ.

ಪ್ಲಾನ್ ಎಂದರೇನು?

ಇದರಲ್ಲಿ ಎರಡು ಬಗೆ. ಮೊದಲನೆಯದು ಕ್ವಿಕ್ ಸರ್ವಿಸ್ ಪ್ಲಾನ್. ಒಬ್ಬರಿಗೆ ಒಂದು ರಾತ್ರಿಯ ವಾಸಕ್ಕೆ ಎರಡು ಕೌಂಟರ್ ಊಟ ಮತ್ತು ಒಂದು ತಿನಿಸು ಅಥವಾ ಪಾನೀಯ. ನಮ್ಮ ದರ್ಶಿನಿಗಳಂತೆ ಕೌಂಟರಿನಲ್ಲಿ ಪಡೆದು ತಿನ್ನುವುದು. ಎರಡನೆಯದು ಡಿಸ್ನಿ ಡೈನಿಂಗ್ ಪ್ಲಾನ್. ಇದರಲ್ಲಿ ಒಂದು ಕೌಂಟರ್ ಊಟ, ಮೇಜಿಗೆ ತಂದು ಬಡಿಸುವ ಒಂದು ಊಟ ಮತ್ತು ಒಂದು ತಿನಿಸು. ಎರಡರಲ್ಲೂ ಪ್ರತಿಯೊಬ್ಬರಿಗೆ ಒಂದು ಮಗ್ ಕೊಡುತ್ತಾರೆ. ಹೋಟೆಲಿನಲ್ಲಿರುವಷ್ಟು ದಿನವೂ ಅದಕ್ಕೆ ಅಲ್ಲಿಯೇ ಎಷ್ಟು ಸಲ ಬೇಕಾದರೂ ಪಾನೀಯ ತುಂಬಿಕೊಳ್ಳಬಹುದು.

ಇಲ್ಲಿ ಗಮನಿಸಬೇಕಾದ ವಿಷಯ, ಲೆಕ್ಕವೆಲ್ಲ ರಾತ್ರಿಗಳ ಮೇಲೆ, ಹಗಲುಗಳ ಮೇಲಲ್ಲ. ನಾಲ್ಕು ರಾತ್ರಿ ಉಳಿದರೆ ಒಬ್ಬರಿಗೆ ಎಂಟು ಊಟ, ನಾಲ್ಕು ತಿನಿಸು. ಆದರೆ ನೀವು ಅಲ್ಲಿರುವುದು ಐದು ಹಗಲು. ದಿನಕ್ಕೆ ಮೂರು ಹೊತ್ತಿನಂತೆ ಹದಿನೈದು ಹೊತ್ತು. ಅಂದರೆ ಸುಮಾರು ಅರ್ಧದಷ್ಟು ಹೊತ್ತಿನ ಆಹಾರವನ್ನು ನೀವೇ ನೋಡಿಕೊಳ್ಳಬೇಕು. ಇದನ್ನು ಮೊದಲೇ ಅರಿತರೆ ಬೆಳಗಿನ ಉಪಾಹಾರವನ್ನು ಕೋಣೆಯಲ್ಲೇ ಮುಗಿಸುವ ಏರ್ಪಾಡು ಮಾಡಿಕೊಳ್ಳಬಹುದು. ಬಳಸದೆ ಉಳಿದ ಊಟಗಳು ಹೋಟೆಲ್ ಬಿಡುವ ದಿನದ ಮಧ್ಯರಾತ್ರಿಗೆ ರದ್ದಾಗುತ್ತವೆ, ಹಣ ವಾಪಸು ಬರುವುದಿಲ್ಲ. ತೊಂದರೆ ಆರಂಭವಾಗುವುದು ಈ ನಿಯಮದಿಂದಲೇ.

'ದುಡ್ಡು ಕೊಟ್ಟಿದ್ದೇವಲ್ಲ!'

ಮದುವೆ ಮನೆಯಲ್ಲಿ ಎಲೆಯಲ್ಲಿ ಬಿಡಬಾರದೆಂದು ಬಲವಂತವಾಗಿ ತಿಂದು, ಸಂಜೆ ಹೊಟ್ಟೆಯುಬ್ಬರವೆಂದು ಬರುವವರನ್ನು ಎಲ್ಲ ವೈದ್ಯರೂ ಕಂಡಿರುತ್ತಾರೆ. ಮೊದಲೇ ಹಣ ಕಟ್ಟಿದ ಊಟದಲ್ಲಿ ಈ ಬಲವಂತ ಇನ್ನೂ ಹೆಚ್ಚು. ಕೊಟ್ಟ ಹಣ ಮರಳಿ ಬರುವುದಿಲ್ಲ, ತಿಂದರೂ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಆದರೂ ಮನಸ್ಸು 'ತಿಂದು ವಸೂಲು ಮಾಡು' ಎನ್ನುತ್ತದೆ.

ಇದರ ಜೊತೆಗೆ ಅಲ್ಲಿಯ ತಟ್ಟೆಯ ಗಾತ್ರ. ತಟ್ಟೆಯಲ್ಲಿ ಹೆಚ್ಚು ಇದ್ದರೆ ಹಸಿವು ಅಷ್ಟೇ ಇದ್ದರೂ ನಾವು ಹೆಚ್ಚು ತಿನ್ನುತ್ತೇವೆ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ತಿನಿಸನ್ನು 500 ಗ್ರಾಂನಿಂದ 1000 ಗ್ರಾಂವರೆಗೆ ಬೇರೆಬೇರೆ ಪ್ರಮಾಣದಲ್ಲಿ ಕೊಟ್ಟು ನೋಡಿದರು. ದೊಡ್ಡ ಪಾಲು ಸಿಕ್ಕಾಗ ಜನ ಸುಮಾರು ಶೇಕಡ 30ರಷ್ಟು ಹೆಚ್ಚು ತಿಂದಿದ್ದರು.

ಪರಿಹಾರ ಸುಲಭ. ಮನೆಯವರ ಊಟಗಳನ್ನೆಲ್ಲ ಒಂದು ಬುಟ್ಟಿಯೆಂದು ಎಣಿಸಿರಿ. ಒಂದು ಕೌಂಟರ್ ಊಟವನ್ನು ಅಜ್ಜ ಅಜ್ಜಿ ಇಬ್ಬರೂ ಹಂಚಿಕೊಂಡರೆ ಸಾಕಾಗುತ್ತದೆ. ಉಳಿದ ಊಟ ಇನ್ನೊಂದು ಹೊತ್ತಿಗೆ ಬರುತ್ತದೆ. ಆ ಐದು ದಿನಗಳ ಕೊರತೆ ಹೀಗೆ ತಾನಾಗಿಯೇ ತುಂಬುತ್ತದೆ, ಹೊಟ್ಟೆಯೂ ಹಗುರ.

ಉಳಿದ ಆಹಾರವನ್ನು ಕಟ್ಟಿಸಿಕೊಂಡು ಚೀಲದಲ್ಲಿಟ್ಟು ಬಿಸಿಲಿನಲ್ಲಿ ತಿರುಗಬೇಡಿರಿ. ಬೇಯಿಸಿದ ಆಹಾರ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಹವೆ 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದೇ ಗಂಟೆ. ಪ್ರವಾಸದಲ್ಲಿ ವಾಂತಿಭೇದಿ ಆದರೆ ಎಲ್ಲರ ರಜೆಯೂ ಹಾಳು.

ಮಗ್ ಎಂಬ ಬಲೆ

'ಎಷ್ಟು ಬೇಕಾದರೂ ಕುಡಿಯಿರಿ' ಎಂಬ ಮಗ್ ಮಕ್ಕಳಿಗೆ ಬಲು ಪ್ರೀತಿ. ಅಮೆರಿಕದಲ್ಲಿ 355 ಮಿಲಿಲೀಟರಿನ ಒಂದು ಕೋಕಾ ಕೋಲಾ ಡಬ್ಬಿಯಲ್ಲಿ 39 ಗ್ರಾಂ ಸಕ್ಕರೆ ಇರುತ್ತದೆ. ವಯಸ್ಕರು ದಿನಕ್ಕೆ ಸೇವಿಸುವ ಸಕ್ಕರೆ ಸುಮಾರು 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಎರಡು ಸಲ ಮಗ್ ತುಂಬಿಸಿದರೆ ಸಾಕು, ಮಗುವಿನ ಮಿತಿ ಎಂದೋ ದಾಟಿರುತ್ತದೆ. ಇದು ಬಾಯಾರಿಕೆಗೂ ಔಷಧವಲ್ಲ. ಹೊಟ್ಟೆ ತುಂಬಿದಂತಾಗಿ ಮಗು ಊಟ ಬಿಡುತ್ತದೆ, ಅಷ್ಟೆ.

ಮಗ್‌ನಲ್ಲಿ ನೀರು, ಸಕ್ಕರೆ ಹಾಕದ ಚಹಾ ತುಂಬಿಕೊಳ್ಳಬಹುದಲ್ಲ! ಪಾರ್ಕಿನ ಒಳಗೆ ಪಾನೀಯ ಮಾರುವ ಕೌಂಟರುಗಳಲ್ಲಿ ಒಂದು ಲೋಟ ತಣ್ಣೀರು ಕೇಳಿದರೆ ಪುಕ್ಕಟೆಯಾಗಿ ಕೊಡುತ್ತಾರೆ. ಊಟದ ಲೆಕ್ಕವನ್ನು ನೀರಿಗೆ ಖರ್ಚು ಮಾಡಬೇಕಿಲ್ಲ.

ದೊಡ್ಡವರಿಗೂ ಒಂದು ಮಾತು. 21 ವರ್ಷ ತುಂಬಿದವರು ಊಟದ ಜೊತೆಯ ಪಾನೀಯವಾಗಿ ಮದ್ಯವನ್ನೂ ಪಡೆಯಬಹುದು. ಹೇಗೂ ಹಣ ಕಟ್ಟಿದ್ದೇವೆಂದು ಮಧ್ಯಾಹ್ನವೇ ಕುಡಿದು ಬಿಸಿಲಿಗೆ ಇಳಿಯಬೇಡಿರಿ. ಮದ್ಯ ದೇಹದ ನೀರನ್ನು ಹೊರಹಾಕುತ್ತದೆ. ಸಕ್ಕರೆ ಕಾಯಿಲೆಯ ಔಷಧ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಲೂಬಹುದು.

ಸಕ್ಕರೆ ಕಾಯಿಲೆಯವರು ಎಚ್ಚರ

ನನ್ನ ಬಳಿ ಚಿಕಿತ್ಸೆ ಪಡೆಯುವ ಹಿರಿಯರೊಬ್ಬರು ಮಗನ ಕುಟುಂಬದೊಂದಿಗೆ ಅಲ್ಲಿಗೆ ಹೋಗಿದ್ದರು. ಬೆಳಿಗ್ಗೆ ಏಳಕ್ಕೆ ಗ್ಲಿಮೆಪಿರೈಡ್ ಮಾತ್ರೆ ನುಂಗಿ, ಎರಡು ಬಿಸ್ಕತ್ತು ತಿಂದು ಹೊರಟರು. ಒಂದೂವರೆಗೆ ದೊಡ್ಡ ಊಟ ಕಾದಿರಿಸಿದೆ, ಈಗೇಕೆ ತಿನ್ನಬೇಕು ಎಂಬುದು ಅವರ ಯೋಚನೆ. ಐದು ಗಂಟೆ ನಡೆದರು. ಹನ್ನೆರಡೂವರೆಗೆ ಸರದಿಯಲ್ಲಿ ನಿಂತಿದ್ದಾಗ ಮೈಯೆಲ್ಲ ಬೆವೆತು, ಮಾತು ತೊದಲಿತು. ಬಿಸಿಲಿಗೆ ಹೀಗಾಗಿದೆ ಎಂದು ಮನೆಯವರು ಬೀಸಣಿಗೆ ಬೀಸುತ್ತಿದ್ದರು. ಸೊಸೆ ಸಮಯಕ್ಕೆ ಸರಿಯಾಗಿ ಮಗುವಿನ ಹಣ್ಣಿನ ರಸ ಕುಡಿಸಿದ್ದರಿಂದ ಚೇತರಿಸಿಕೊಂಡರು. ಅದು ಬಿಸಿಲಲ್ಲ, ರಕ್ತದಲ್ಲಿ ಸಕ್ಕರೆ ಕುಸಿದದ್ದು.

ಈ ಪ್ರವಾಸದಲ್ಲಿ ದಿನಕ್ಕೆ ಹತ್ತು ಕಿಲೋಮೀಟರ್ ನಡೆಯುವುದು ಸಾಮಾನ್ಯ. ಮನೆಯಲ್ಲಿ ಅಷ್ಟು ನಡೆಯದವರ ಮಾತ್ರೆಯ ಪ್ರಮಾಣ ಅಲ್ಲಿ ಹೆಚ್ಚಾಗಬಹುದು. ಬೆವರುವುದು, ನಡುಕ, ಎದೆ ಬಡಿತ, ಗಲಿಬಿಲಿ ಇವು ಸಕ್ಕರೆ ಇಳಿದ ಚಿಹ್ನೆಗಳು. ಫ್ಲಾರಿಡಾದ ಸೆಕೆಯಲ್ಲಿ ಎಲ್ಲರೂ ಬೆವರುವುದರಿಂದ ಈ ಮೊದಲ ಚಿಹ್ನೆ ಮರೆಯಾಗುತ್ತದೆ. ಆದ್ದರಿಂದ ಹೀಗೆ ಮಾಡಿರಿ:

1. ಹೊರಡುವ ಒಂದು ತಿಂಗಳ ಮೊದಲೇ ನಿಮ್ಮ ವೈದ್ಯರನ್ನು ಕಂಡು, ಸಮಯ ವ್ಯತ್ಯಾಸ ಮತ್ತು ನಡಿಗೆಗೆ ತಕ್ಕಂತೆ ಔಷಧ ಹೇಗೆ ಬದಲಿಸಬೇಕೆಂದು ಬರೆಸಿಕೊಳ್ಳಿ. ನೀವಾಗಿ ಮಾತ್ರೆ ಬಿಡಬೇಡಿರಿ.

2. ಬೆಳಗಿನ ಉಪಾಹಾರ ತಪ್ಪಿಸಬೇಡಿರಿ. ಹೊತ್ತುಹೊತ್ತಿಗೆ ಸ್ವಲ್ಪ ತಿನ್ನಿರಿ. ಪ್ಲಾನಿನ ತಿನಿಸನ್ನು ಐಸ್‌ಕ್ರೀಮಿಗೆ ಬದಲು ಎರಡು ಊಟಗಳ ನಡುವೆ ಹಣ್ಣಿಗೆ ಬಳಸಿರಿ.

3. ಗ್ಲೂಕೋಸ್ ಪುಡಿ ಜೇಬಿನಲ್ಲೇ ಇರಲಿ. ತಿನಿಸಿನ ಅಂಗಡಿಯ ಮುಂದೆ ಸರದಿ ಇರುತ್ತದೆ, ಕುಸಿದ ಸಕ್ಕರೆ ಸರದಿಗೆ ಕಾಯುವುದಿಲ್ಲ. ಎಚ್ಚರವಿದ್ದರೆ ಮೂರು ಚಮಚ ಗ್ಲೂಕೋಸ್ ಅಥವಾ ಸಕ್ಕರೆ ನೀರಿನಲ್ಲಿ ಕೊಡಿ. ಹದಿನೈದು ನಿಮಿಷದ ನಂತರ ಪರೀಕ್ಷಿಸಿ, ಬೇಕಾದರೆ ಮತ್ತೆ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 911ಕ್ಕೆ ಫೋನ್ ಮಾಡಿರಿ.

4. ಬಳಸುತ್ತಿರುವ ಇನ್ಸುಲಿನ್ 30 ಡಿಗ್ರಿಗಿಂತ ಬಿಸಿಯಾಗಬಾರದು. ಕಾರಿನಲ್ಲಿ ಬಿಡಬೇಡಿರಿ. ಮಂಜುಗಡ್ಡೆಗೆ ನೇರವಾಗಿ ತಾಗಿ ಹೆಪ್ಪುಗಟ್ಟಿದರೂ ಅದು ಕೆಡುತ್ತದೆ.

5. ಮೇಜಿನ ಊಟವನ್ನು 60 ದಿನ ಮೊದಲೇ ಕಾದಿರಿಸಬಹುದು. ಹಿರಿಯರು ಮನೆಯಲ್ಲಿ ಉಣ್ಣುವ ಹೊತ್ತನ್ನೇ ಆರಿಸಿಕೊಳ್ಳಲು ಮಕ್ಕಳಿಗೆ ಹೇಳಿರಿ.

ಬಫೆಯಲ್ಲಿ ಕುಳಿತವರು ಮೊದಲು ತರಕಾರಿ, ಕಾಳು ಬಡಿಸಿಕೊಂಡು, ಆಮೇಲೆ ಅನ್ನ ಅಥವಾ ಬ್ರೆಡ್ ಕಡೆ ಹೋಗಲಿ. ಮಧ್ಯಾಹ್ನ ಮತ್ತು ರಾತ್ರಿಯ ಮೇಜಿನ ಊಟದಲ್ಲಿ ಕೊನೆಗೆ ಸಿಹಿಯೂ ಸೇರಿರುತ್ತದೆ. ಇಬ್ಬರಿಗೆ ಒಂದು ತಟ್ಟೆ ಸಿಹಿ ಸಾಕು.

ಬಿಸಿಲು, ಉಪ್ಪು, ರಕ್ತದೊತ್ತಡ

ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್, ಮೇ. ಅಲ್ಲಿಯ ಶಾಲೆಗಳಿಗೆ ರಜೆ ಜೂನ್‌ನಿಂದ. ಆಗ ಆರ್ಲ್ಯಾಂಡೊದಲ್ಲಿ ಹಗಲಿನ ಉಷ್ಣತೆ 33 ಡಿಗ್ರಿಯ ಸುತ್ತಮುತ್ತ. ಮಂಗಳೂರಿನ ಮೇ ತಿಂಗಳಿನಂತೆ ಮೈ ಅಂಟುವ ಸೆಕೆ. ಕೌಂಟರಿನ ಕರಿದ ತಿನಿಸು, ಚೀಸ್, ಸಾಸ್‌ಗಳಲ್ಲಿ ಉಪ್ಪು ಬಹಳ. ದಿನಕ್ಕೆ 5 ಗ್ರಾಂ ಉಪ್ಪಿನೊಳಗಿರಬೇಕೆಂಬ ಸಲಹೆ ಅಲ್ಲಿ ಸುಲಭವಾಗಿ ಮೀರುತ್ತದೆ. ರಕ್ತದೊತ್ತಡ ಇರುವವರು ಸಾಸನ್ನು ಬೇರೆಯಾಗಿ ಕೊಡಲು ಕೇಳಬೇಕು.

ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಿಸಿಲಿನಿಂದ ನೀರಿನ ಕೊರತೆ ಬೇಗ ಉಂಟಾಗುತ್ತದೆ. ಬಾಯಾರಿಕೆಗೆ ಕಾಯದೆ ನೀರು ಕುಡಿಯಿರಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರಿನ ಮಿತಿ ಹೇಳಿಸಿಕೊಂಡವರು ಮಾತ್ರ ಎಷ್ಟು ಕುಡಿಯಬೇಕೆಂದು ಮೊದಲೇ ವೈದ್ಯರನ್ನು ಕೇಳಿರಿ. ತಲೆನೋವು, ತಲೆಸುತ್ತು, ಸ್ನಾಯು ಸೆಳೆತ ಬಂದರೆ ತಂಪಾದ ಜಾಗಕ್ಕೆ ಹೋಗಿ ಕುಳಿತುಕೊಳ್ಳಿ. ನಾಲ್ಕೂ ಪಾರ್ಕುಗಳಲ್ಲಿ ಪ್ರಥಮ ಚಿಕಿತ್ಸಾ ಕೇಂದ್ರಗಳಿವೆ. ಮೈ ಸುಡುತ್ತಿದ್ದು ಗಲಿಬಿಲಿಯಾದರೆ ಅದು ತುರ್ತುಸ್ಥಿತಿ. ಮಧ್ಯಾಹ್ನದ ಮೇಜಿನ ಊಟವನ್ನು ಬಿಸಿಲು ಜೋರಾಗಿರುವ ಹೊತ್ತಿಗೆ ಇಟ್ಟುಕೊಂಡರೆ ಒಂದು ಗಂಟೆ ತಂಪಿನಲ್ಲಿ ವಿಶ್ರಾಂತಿಯೂ ಸಿಗುತ್ತದೆ. ಪ್ಲಾನಿನ ನಿಜವಾದ ಆರೋಗ್ಯಲಾಭ ಇದೇ ಎಂದು ನನಗನ್ನಿಸುತ್ತದೆ.

ಮಕ್ಕಳ ತಟ್ಟೆ

ಮೂರರಿಂದ ಒಂಬತ್ತು ವರ್ಷದವರಿಗೆ ಮಕ್ಕಳ ಊಟ. ಹತ್ತು ತುಂಬಿದರೆ ದೊಡ್ಡವರ ಲೆಕ್ಕ, ದೊಡ್ಡವರ ತಟ್ಟೆ. ಹತ್ತು ವರ್ಷದ ಮಗುವಿನ ಹೊಟ್ಟೆ ಹುಟ್ಟುಹಬ್ಬದ ದಿನ ದೊಡ್ಡದಾಗುವುದಿಲ್ಲ! ಅದರ ತಟ್ಟೆಯನ್ನು ಹಂಚಿಕೊಳ್ಳಿ. ಮೂರಕ್ಕಿಂತ ಚಿಕ್ಕ ಮಕ್ಕಳಿಗೆ ಪ್ಲಾನ್ ಇಲ್ಲ, ಅಪ್ಪ ಅಮ್ಮನ ತಟ್ಟೆಯಿಂದಲೇ ತಿನ್ನಿಸಬಹುದು. ಈ ಸಂಸ್ಥೆ 2006ರಲ್ಲಿ ತನ್ನ ಪಾರ್ಕುಗಳ ಮಕ್ಕಳ ಊಟದಲ್ಲಿ ಕರಿದ ಆಲೂಗಡ್ಡೆ, ಸೋಡಾ ಬದಲು ಹಣ್ಣು, ತರಕಾರಿ, ಕೊಬ್ಬು ಕಡಿಮೆಯಿರುವ ಹಾಲು ಮುಂತಾದವನ್ನು ಮೊದಲ ಆಯ್ಕೆಯಾಗಿ ಇಡುವುದಾಗಿ ಪ್ರಕಟಿಸಿತು. ಅದನ್ನು ಬದಲಿಸಿ ಕೊಡಿರೆಂದು ನಾವೇ ಕೇಳದಿದ್ದರೆ ಆಯಿತು. ಹೊಟ್ಟೆ ತುಂಬ ಉಂಡ ಮೇಲೆ ಒಂದು ಗಂಟೆಯಾದರೂ ಗಿರಗಿರನೆ ತಿರುಗುವ ಆಟಗಳಿಗೆ ಹತ್ತಿಸಬೇಡಿರಿ.

ಸಸ್ಯಾಹಾರಿಗಳಿಗೆ

ಅಮೆರಿಕದಲ್ಲಿ ಸಸ್ಯಾಹಾರವೆಂದರೆ ಮೊಟ್ಟೆ ಸೇರಿರಬಹುದು. ಸೂಪಿಗೆ ಕೋಳಿಯ ಸಾರು ಹಾಕಿರಬಹುದು. 2019ರಿಂದ ಇಲ್ಲಿಯ ಊಟದ ಪಟ್ಟಿಗಳಲ್ಲಿ ಎಲೆಯ ಗುರುತು ಕಾಣುತ್ತದೆ. ಆ ಗುರುತಿನ ತಿನಿಸಿನಲ್ಲಿ ಮಾಂಸ, ಮೊಟ್ಟೆ, ಹಾಲು, ಜೇನು ಯಾವುದೂ ಇರುವುದಿಲ್ಲ. ಹಾಲು ಒಗ್ಗದವರಿಗೂ ಇದು ಅನುಕೂಲ. ಕಡಲೆಕಾಯಿ ಮುಂತಾದ ಅಲರ್ಜಿ ಇದ್ದರೆ ಕಾದಿರಿಸುವಾಗಲೂ, ಬಡಿಸುವವರಿಗೂ ಎರಡು ಸಲ ಹೇಳಿರಿ. ಮನೆಯಿಂದ ತಿನಿಸು ಒಯ್ಯಲೂ ಅನುಮತಿಯಿದೆ, ಗಾಜಿನ ಪಾತ್ರೆ ಮಾತ್ರ ಬೇಡ. ಹುರಿಗಡಲೆ, ಒಗ್ಗರಣೆ ಹಾಕಿದ ಅವಲಕ್ಕಿ, ಒಂದು ಬಾಳೆಹಣ್ಣು ಯಾವ ಪ್ಲಾನಿಗೂ ಕಡಿಮೆಯಲ್ಲ.

ಕೊನೆಯ ದಿನದ ಸುಗ್ಗಿ

ಹೋಟೆಲ್ ಬಿಡುವ ದಿನ ಉಳಿದ ತಿನಿಸಿನ ಲೆಕ್ಕ ನೋಡಿ, ಅರ್ಧ ದಿನದಲ್ಲಿ ಐದಾರು ಐಸ್‌ಕ್ರೀಮ್ ತಿಂದು ಮುಗಿಸುವ ಮನೆಗಳುಂಟು. ಇದನ್ನು ತಪ್ಪಿಸಲು ಪ್ರತಿ ರಾತ್ರಿ ಎಷ್ಟು ಉಳಿದಿದೆ ಎಂದು ಲೆಕ್ಕ ನೋಡಿಕೊಳ್ಳಿ. ಕೊನೆಗೂ ಉಳಿದರೆ ಪೊಟ್ಟಣದಲ್ಲಿರುವ ಒಣ ತಿನಿಸು ತೆಗೆದುಕೊಂಡು ಪ್ರಯಾಣಕ್ಕೆ ಇಟ್ಟುಕೊಳ್ಳಿ. ಹಾಗೂ ಉಳಿಯಿತೇ? ಉಳಿಯಲಿ. ಅಲ್ಲಿ ಒಂದು ದಿನ ಆಸ್ಪತ್ರೆ ಸೇರಿದರೆ ಆಗುವ ವೆಚ್ಚದ ಮುಂದೆ ಬಿಟ್ಟುಹೋದ ಒಂದು ಐಸ್‌ಕ್ರೀಮಿನ ಬೆಲೆ ಏನೂ ಅಲ್ಲ. ಹಿರಿಯರು ಪ್ರವಾಸ ವಿಮೆ ಮಾಡಿಸುವಾಗ ಮೊದಲೇ ಇರುವ ಕಾಯಿಲೆಗಳಿಗೆ ಅದು ಅನ್ವಯಿಸುತ್ತದೆಯೇ ಎಂದು ಓದಿ ಸಹಿ ಮಾಡಿರಿ. ಪ್ಲಾನಿನ ನಿಯಮಗಳೂ ಆಗಾಗ ಬದಲಾಗುವುದರಿಂದ ಹಣ ಕಟ್ಟುವ ಮುನ್ನ ಒಮ್ಮೆ ನೋಡಿಕೊಳ್ಳಿ.

ನೆನಪಿಡಿ: ಮುಂಗಡ ಹಣ ಕಟ್ಟಿದ್ದು ಅಡುಗೆಯ ಚಿಂತೆ ಇಲ್ಲದೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಲಿ ಎಂದು. ಹೊತ್ತಿಗೆ ಸರಿಯಾಗಿ, ಹಸಿದಷ್ಟು ಉಂಡರೆ ಆ ಹಣ ವಸೂಲಾದಂತೆಯೇ.