ವೇದಾವತಿ ನದಿ ಮತ್ತು ಪಟ್ಟಣದ ಕೊಳಚೆ ನೀರು

ವೇದಾ, ಅವತಿ ಹೊಳೆಗಳು ಕಡೂರು ತಾಲ್ಲೂಕಿನಲ್ಲಿ ಕೂಡಿ ವೇದಾವತಿಯಾಗುತ್ತವೆ. ಹೊಸದುರ್ಗ ತಾಲ್ಲೂಕು ದಾಟಿದ ನದಿಗೆ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರ ಅಡ್ಡಲಾಗಿದೆ (ನಿರ್ಮಾಣ 1898–1907, ಪೂರ್ಣಮಟ್ಟ 130 ಅಡಿ). ಅಲ್ಲಿಂದ ಹಿರಿಯೂರು, ಕೊನೆಗೆ ಹಗರಿ ಎಂಬ ಹೆಸರಿನಲ್ಲಿ ತುಂಗಭದ್ರೆಯ ಸಂಗಮ.

1933ರ ಬಳಿಕ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇದನ್ನು ಇಸವಿಯಾಗಿ ಮಾತ್ರ ಬಾಯಿಪಾಠ ಮಾಡಬೇಡಿ. ಅಣೆಕಟ್ಟಿನ ಕೆಳಗೆ ದೊಡ್ಡ ಹರಿವು ಅಪರೂಪ. ಹಾಗಾಗಿ ಊರಿನ ಕೊಳಚೆ ಸೇರಿದರೆ ಅದನ್ನು ತೆಳುವಾಗಿಸುವಷ್ಟು ನೀರು ನದಿಯಲ್ಲಿ ಇರುವುದಿಲ್ಲ. ಸಣ್ಣ ಪಟ್ಟಣಕ್ಕೂ ಶುದ್ಧೀಕರಣ ಘಟಕ ಬೇಕೆನ್ನುವುದು ಇದಕ್ಕೇ.

ಘಟಕದ ಕ್ರಮ: ಜಾಲರಿಯಲ್ಲಿ ಕಸ, ತೊಟ್ಟಿಯಲ್ಲಿ ಮರಳು ಬೇರ್ಪಡುತ್ತವೆ. ನಂತರ ಗಾಳಿ ಊದಿದಾಗ ಬ್ಯಾಕ್ಟೀರಿಯಾಗಳು ಸಾವಯವ ಕಲ್ಮಶವನ್ನು ತಿನ್ನುತ್ತವೆ. ಕೆಸರು ತಳ ಸೇರುತ್ತದೆ, ತಿಳಿನೀರಿಗೆ ಕ್ಲೋರಿನ್. ವಿದ್ಯುತ್ ಕೈಕೊಟ್ಟರೆ ಮೊದಲು ಸೊರಗುವುದು ಗಾಳಿ ಊದುವ ಹಂತವೇ.

ನೀರಿನ ಕಲ್ಮಶದ ಅಳತೆ ಬಿಒಡಿ, ಅಂದರೆ ಕಲ್ಮಶ ಕೊಳೆಯಲು ಜೀವಾಣುಗಳಿಗೆ ಬೇಕಾದ ಆಮ್ಲಜನಕ. 2017ರ ಕೇಂದ್ರ ಅಧಿಸೂಚನೆಯಂತೆ ಮಹಾನಗರಗಳಲ್ಲದ ಊರುಗಳ ಘಟಕದಿಂದ ಹೊರಬರುವ ನೀರಿಗೆ ಮಿತಿ ಲೀಟರಿಗೆ 30 ಮಿ.ಗ್ರಾಂ. ಸ್ನಾನಯೋಗ್ಯ ನದಿನೀರಿನ ಮಾನದಂಡ ಬೇರೆ: ಬಿಒಡಿ 3 ಮಾತ್ರ, ಕರಗಿದ ಆಮ್ಲಜನಕ ಕನಿಷ್ಠ 5. ಬಿಒಡಿಯ ಈ ಹತ್ತುಪಟ್ಟಿನ ಅಂತರವನ್ನು ನದಿಯ ಹರಿವೇ ತುಂಬಬೇಕು. ಸಂಸ್ಕರಿಸಿದ ನೀರನ್ನು ಹೊಳೆಗೆ ಬಿಡದೆ ಮರಬೆಳೆಗೆ ಹಾಯಿಸುವುದು ಇಂಥ ಒಣಸೀಮೆಗೆ ಹೆಚ್ಚು ಒಪ್ಪುತ್ತದೆ.

ಸಂಬಂಧಿತ ಕಾಯ್ದೆ: ಜಲ ಮಾಲಿನ್ಯ ತಡೆ ಮತ್ತು ನಿಯಂತ್ರಣ ಕಾಯ್ದೆ, 1974.