ಸವೆದ ಇಸವಿ ಮತ್ತೆ ಕಂಡಿತು!

ಮಕ್ಕಳೇ, ಈ ಆಟ ನೀವೂ ಆಡಿರಬಹುದು. ನೋಟುಬುಕ್ಕಿನಲ್ಲಿ ಬಾಲ್‌ಪೆನ್ನಿನಿಂದ ಚೆನ್ನಾಗಿ ಒತ್ತಿ ನಿಮ್ಮ ಹೆಸರು ಬರೆಯಿರಿ. ಆ ಹಾಳೆ ತೆಗೆದುಬಿಡಿ. ಕೆಳಗಿನ ಖಾಲಿ ಹಾಳೆಯ ಮೇಲೆ ಪೆನ್ಸಿಲನ್ನು ಓರೆಯಾಗಿ ಹಿಡಿದು ಮೆಲ್ಲಗೆ ಉಜ್ಜಿ. ಕಪ್ಪಿನ ನಡುವೆ ನಿಮ್ಮ ಹೆಸರು ಬೆಳ್ಳಗೆ ಮೂಡುತ್ತದೆ. ಬರೆದ ಹಾಳೆ ಹೋದರೂ ಒತ್ತಿದ ಗುರುತು ಉಳಿದಿದೆ!

ಗಟ್ಟಿ ಲೋಹದಲ್ಲೂ ಹೀಗೆ ಗುರುತು ಉಳಿಯುವುದೇ? ಅಮೆರಿಕದ ಒಂದು ಹಳೆಯ ನಾಣ್ಯವನ್ನು ನೋಡೋಣ.

1913ರಿಂದ 1938ರವರೆಗೆ ಅಲ್ಲಿ 'ಬಫಲೋ ನಿಕ್ಕಲ್' ಎಂಬ ಐದು ಸೆಂಟಿನ ನಾಣ್ಯ ತಯಾರಾಗುತ್ತಿತ್ತು. ಹೆಸರು ನಿಕ್ಕಲ್, ಆದರೆ ಅದರಲ್ಲಿ ಶೇ. 75ರಷ್ಟು ತಾಮ್ರ! ನಿಕ್ಕಲ್ ಶೇ. 25 ಮಾತ್ರ. ಒಂದು ಬದಿಯಲ್ಲಿ ಅಮೆರಿಕದ ಮೂಲನಿವಾಸಿಯ ಮುಖ, ಇನ್ನೊಂದು ಬದಿಯಲ್ಲಿ ನಮ್ಮ ಕಾಡುಕೋಣದ ಸಂಬಂಧಿಯಾದ ಬೈಸನ್. ಶಿಲ್ಪಿ ಜೇಮ್ಸ್ ಅರ್ಲ್ ಫ್ರೇಸರ್ ಇದನ್ನು ಸೊಗಸಾಗಿ ರೂಪಿಸಿದ್ದರು. ಆದರೆ ಇಸವಿ ಇದ್ದದ್ದು ಆ ವ್ಯಕ್ತಿಯ ಭುಜದ ಉಬ್ಬಿದ ಭಾಗದ ಮೇಲೆ. ಕೈಯಿಂದ ಕೈಗೆ ಹೋಗುವ ನಾಣ್ಯದಲ್ಲಿ ಉಬ್ಬಿದ ಭಾಗವೇ ಮೊದಲು ಸವೆಯುತ್ತದೆ. 'ಐದು ಸೆಂಟ್' ಎಂಬ ಬರಹಕ್ಕೂ ಇದೇ ತೊಂದರೆ ಇತ್ತು. 1913ರಲ್ಲೇ ಅದನ್ನು ತಗ್ಗಿನ ಜಾಗಕ್ಕೆ ಇಳಿಸಿದರು. ಇಸವಿಯನ್ನು ಮಾತ್ರ ಎತ್ತರದಲ್ಲೇ ಬಿಟ್ಟರು! ಹಾಗಾಗಿ ಇಸವಿಯೇ ಇಲ್ಲದ ಎಷ್ಟೋ ನಾಣ್ಯಗಳು ಸಂಗ್ರಹಕಾರರ ಕೈಗೆ ಬಂದವು.

ಲೋಹವೆಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಹರಳುಗಳ ರಾಶಿ. ಅಚ್ಚು ರಭಸದಿಂದ ಬಿದ್ದಾಗ ಆ ಹರಳುಗಳು ನಲುಗುತ್ತವೆ. ಅಂಕಿ ಮೂಡುವ ಜಾಗದಲ್ಲಿ ನಲುಗುವ ರೀತಿ ಒಂದು, ಪಕ್ಕದ ಜಾಗದಲ್ಲಿ ಇನ್ನೊಂದು. ಮೇಲಿನ ಅಂಕಿ ಸವೆದರೂ ಅಡಿಯಲ್ಲಿ ಈ ವ್ಯತ್ಯಾಸ ಉಳಿದಿರುತ್ತದೆ. ಅಲ್ಲಿಗೆ ಫೆರಿಕ್ ಕ್ಲೋರೈಡ್ ದ್ರಾವಣದ ಒಂದು ಹನಿ ಹಾಕಿದರೆ ಅದು ತಾಮ್ರವನ್ನು ಕೊರೆಯತೊಡಗುತ್ತದೆ. ಆದರೆ ಎಲ್ಲ ಕಡೆ ಒಂದೇ ವೇಗದಲ್ಲಲ್ಲ. ಆದ್ದರಿಂದಲೇ ಅಂಕಿಗಳು ಮಸುಕಾಗಿ ಮತ್ತೆ ಕಾಣುತ್ತವೆ. ಸವೆತ ತೀರಾ ಆಳಕ್ಕೆ ಹೋಗಿದ್ದರೆ ನಲುಗಿದ ಪದರವೂ ಹೋಗಿರುತ್ತದೆ, ಆಗ ಏನೂ ಕಾಣದು.

ಇಸವಿ ಸಿಕ್ಕಿತು, ಆದರೆ ಹನಿ ಬಿದ್ದ ಜಾಗ ಒರಟಾಗಿ ಕಲೆಯಾಯಿತು. ಅದನ್ನು ಸರಿಪಡಿಸಲಾಗದು. ಇಸವಿ ತಾನಾಗಿಯೇ ಉಳಿದ ನಾಣ್ಯಕ್ಕಿರುವ ಬೆಲೆ ಇಂಥದ್ದಕ್ಕೆ ಸಿಗುವುದಿಲ್ಲ. ನಾನಾದರೆ ನಾಣ್ಯವನ್ನು ಇದ್ದಂತೆಯೇ ಬಿಡುತ್ತೇನೆ.

ಕಳವಾದ ಬೈಕಿನ ಮಾತು ಬೇರೆ. ಕಳ್ಳರು ಇಂಜಿನ್ ಮೇಲೆ ಒತ್ತಿದ ನಂಬರನ್ನು ಅರದಿಂದ ಉಜ್ಜಿ ಅಳಿಸುತ್ತಾರೆ. ವಿಧಿವಿಜ್ಞಾನ ಪ್ರಯೋಗಾಲಯದವರು ಆ ಲೋಹಕ್ಕೆ ತಕ್ಕ ರಾಸಾಯನಿಕ ಹಚ್ಚಿ, ಇದೇ ತತ್ವದಿಂದ ಆ ನಂಬರನ್ನು ಮತ್ತೆ ಓದಬಲ್ಲರು. ಅಲ್ಲಿ ಕಲೆಯಾದರೆ ಯಾರಿಗೂ ಬೇಸರವಿಲ್ಲ!

ಎಚ್ಚರಿಕೆ: ಫೆರಿಕ್ ಕ್ಲೋರೈಡ್ ಚರ್ಮಕ್ಕೂ ಕಣ್ಣಿಗೂ ಅಪಾಯಕಾರಿ. ಈ ಪ್ರಯೋಗವನ್ನು ನೀವು ಮಾಡಲೇಬಾರದು.

ಮಾಡಿ ನೋಡಿ: ಅಜ್ಜಿಯ ಪೆಟ್ಟಿಗೆಯಲ್ಲಿ ಸವೆದ ನಾಣ್ಯವಿದೆಯೇ? ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಕತ್ತಲೆ ಕೋಣೆಯಲ್ಲಿ ಅದನ್ನು ಮೇಜಿನ ಮೇಲಿಟ್ಟು, ಟಾರ್ಚನ್ನು ಮೇಜಿನ ಮಟ್ಟದಲ್ಲೇ ಹಿಡಿದು ಪಕ್ಕದಿಂದ ಬೆಳಕು ಬಿಡಿ. ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತಾ ಭೂತಗನ್ನಡಿಯಲ್ಲಿ ನೋಡಿ. ಕೂದಲೆಳೆಯಷ್ಟು ಉಬ್ಬು ಉಳಿದಿದ್ದರೂ ಅದರ ನೆರಳು ಬೀಳುತ್ತದೆ. ಎಷ್ಟು ಅಂಕಿ ಓದಲು ಸಿಕ್ಕವು, ಬರೆದಿಡಿ.