ಫರ್ಮಾ ಅವರನ್ನು ಏಮಾರಿಸಿದ 4294967297

ನಮ್ಮ ಲೆಕ್ಕದಲ್ಲಿ ಓದಿದರೆ 429 ಕೋಟಿ 49 ಲಕ್ಷ 67 ಸಾವಿರದ 297. ಇದನ್ನು ಸಿ ಪ್ರೋಗ್ರಾಂನಲ್ಲಿ 32 ಬಿಟ್‌ನ ಅನ್‌ಸೈನ್ಡ್ ಇಂಟ್‌ಗೆ ಹಾಕಿ ಪ್ರಿಂಟ್ ಮಾಡಿದೆವು. ಸ್ಕ್ರೀನ್ ಮೇಲೆ ಬಂದಿದ್ದು ಬರೀ 1! ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 4294967295. ನಮ್ಮದು ಅದಕ್ಕಿಂತ ಎರಡು ಹೆಚ್ಚು, ಹಾಗಾಗಿ 0 ದಾಟಿ 1ಕ್ಕೆ ಬಂದು ನಿಂತಿದೆ.

ಅಂದರೆ ಇದು 2³² + 1. 2ರ ಘಾತವಾಗಿ 1, 2, 4, 8, 16 ಇಟ್ಟು 1 ಕೂಡಿಸಿದರೆ 3, 5, 17, 257, 65537 ಸಿಗುತ್ತವೆ. ಐದೂ ಅವಿಭಾಜ್ಯ, ಅಂದರೆ ಪ್ರೈಮ್. ಈ ಸಾಲಿನಲ್ಲಿ ಮುಂದೆ ಬರುವುದೆಲ್ಲಾ ಹೀಗೇ ಇರುತ್ತವೆ ಅಂತ 17ನೇ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ ನಂಬಿದ್ದರು. ಐದು ಟೆಸ್ಟ್ ಕೇಸ್ ಪಾಸಾದರೆ ನಾವೂ ಸಬ್ಮಿಟ್ ಮಾಡಿಬಿಡ್ತೀವಲ್ಲ, ಹಾಗೆ. ಆರನೆಯದೇ ನಮ್ಮ ಸಂಖ್ಯೆ. 1732ರಲ್ಲಿ ಆಯ್ಲರ್ ಇದನ್ನು 641 ಭಾಗಿಸುತ್ತದೆ ಎಂದು ತೋರಿಸಿದರು.

ಅವರು ಮುಂದೆ ಒಂದು ನಿಯಮವನ್ನೂ ಸಾಧಿಸಿದರು: ಇದನ್ನು ಭಾಗಿಸುವ ಯಾವುದೇ ಪ್ರೈಮ್, 64ರ ಗುಣಕಕ್ಕೆ 1 ಕೂಡಿಸಿದ ಸಂಖ್ಯೆಯೇ ಆಗಿರಬೇಕು. ಅಂಥವು 193, 257, 449, 577, ಆಮೇಲೆ 641. ಐದನೇ ಪ್ರಯತ್ನಕ್ಕೇ ಸಿಕ್ಕಿಬೀಳುತ್ತದೆ!

ಕ್ಯಾಲ್ಕುಲೇಟರ್ ಇಲ್ಲದೆಯೂ ಇದನ್ನು ತೋರಿಸಬಹುದು. 641 = 5×2⁷ + 1. ಹಾಗಾಗಿ 641ರಿಂದ ಭಾಗಿಸಿದಾಗ 5×2⁷ರ ಶೇಷ −1. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴×2²⁸ರ ಶೇಷ 1. ಇನ್ನೊಂದು ಕಡೆ 641 = 625 + 16 = 5⁴ + 2⁴. ಆದ್ದರಿಂದ 5⁴ ಇರುವಲ್ಲಿ −2⁴ ಇಡಬಹುದು. ಆಗ −2³²ರ ಶೇಷ 1. ಅಂದರೆ 2³² + 1ರ ಶೇಷ 0. ಮುಗೀತು.

ಭಾಗಲಬ್ಧ 6700417 ಕೂಡ ಪ್ರೈಮ್. ಹಾಗಾಗಿ ನಮ್ಮ ಸಂಖ್ಯೆ ಸರಿಯಾಗಿ ಎರಡು ಪ್ರೈಮ್‌ಗಳ ಗುಣಲಬ್ಧ.

ನಿಜವಾದ ತಮಾಷೆ ಇನ್ನೂ ಇದೆ. p ಎಂಬುದು 2 ಬಿಟ್ಟು ಬೇರೆ ಪ್ರೈಮ್ ಆದರೆ, 2ರ (p−1)ನೇ ಘಾತವನ್ನು pಯಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಇದು ಫರ್ಮಾ ಅವರದ್ದೇ ಪ್ರಮೇಯ. ನಮ್ಮ ಸಂಖ್ಯೆ ಪ್ರೈಮ್ ಅಲ್ಲದಿದ್ದರೂ ಈ ಪರೀಕ್ಷೆಯಲ್ಲಿ ಪಾಸಾಗುತ್ತೆ! ಅದರಿಂದ ಭಾಗಿಸಿದಾಗ 2³²ರ ಶೇಷ −1, 2⁶⁴ರ ಶೇಷ 1. ಇಲ್ಲಿ p−1 ಅಂದರೆ 2³², ಅದು 64ರ ಗುಣಕ. ಹಾಗಾಗಿ ಶೇಷ 1 ಬಂದೇ ಬರುತ್ತದೆ. ಇಂಥವನ್ನು ಸ್ಯೂಡೋಪ್ರೈಮ್ ಅನ್ನುತ್ತಾರೆ, ಅಂದರೆ ವೇಷ ಹಾಕಿದ ಪ್ರೈಮ್.

ಈ ಪರೀಕ್ಷೆಯನ್ನು ಅನ್‌ಸೈನ್ಡ್ ಲಾಂಗ್ ಲಾಂಗ್‌ನಲ್ಲಿ ವರ್ಗ ಮಾಡುತ್ತಾ ಬರೆದಾಗ ಉತ್ತರ 0 ಬಂತು, ‘ಪ್ರೈಮ್ ಅಲ್ಲ’ ಅಂತ. ಖುಷಿಪಟ್ಟೆವು. ನೋಡಿದರೆ 2³²ರ ವರ್ಗ 2⁶⁴, ಅದು 64 ಬಿಟ್‌ನಲ್ಲಿ ಹಿಡಿಸದೆ 0 ಆಗಿತ್ತು. ಉತ್ತರ ಸರಿ, ಕಾರಣ ತಪ್ಪು! ಪೈಥಾನ್‌ನಲ್ಲಿ ಸರಿಯಾಗಿ ಬರೆದ ಮೇಲೆ 1 ಬಂತು, ಅಂದರೆ ನಾವೂ ಏಮಾರಿದೆವು. 2ರ ಜಾಗದಲ್ಲಿ 3 ಹಾಕಿದಾಗ ಮಾತ್ರ ವೇಷ ಕಳಚಿತು.